ಇಂಜಿನ್ ಸದ್ದಿನ ಅಡಿಯಲ್ಲಿ

ವೈರಿಲ್ಲದ ಇಯರ್‌ಬಡ್ಸ್ ನಾನು ಕೊಂಡದ್ದು ಬಸ್ಸಿನ ದಾರಿ ಕಳೆಯುವುದಕ್ಕೆ. ಅಂಕೋಲೆಯ ಮನೆಯಿಂದ ಕಾರವಾರದ ಕಚೇರಿಗೆ ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು. ಮನೆಗೆ ಬಂದ ಮೇಲೆ ಅದರ ಡಬ್ಬಿ ಟಿವಿಯ ಪಕ್ಕ ಬಿದ್ದಿರುತ್ತಿತ್ತು. ಒಂದು ಭಾನುವಾರ ಊಟವಾದ ಮೇಲೆ ಅಪ್ಪ ಆ ಡಬ್ಬಿ ತೆರೆದು, ಒಂದನ್ನು ಅಂಗೈ ಮೇಲಿಟ್ಟುಕೊಂಡು, ಸಿಗಡಿ ತಾಜಾ ಹೌದೋ ಅಲ್ಲವೋ ಎಂದು ತಿರುಗಿಸಿ ನೋಡುವ ಹಾಗೆ ನೋಡಿದ.

“ಇದ್ರಲ್ಲಿ ಇಂಜಿನ್ ಕೇಳ್ತದಾ?” ಎಂದ.

“ಯಾವ ಇಂಜಿನ್ನು?”

“ಬೋಟಿಂದು. ಮತ್ಯಾವ್ದು?”

ಅಪ್ಪ ಮೂವತ್ತು ವರ್ಷ ಕಾರವಾರದ ಬೈತಖೋಲ ಬಂದರಿನ ಟ್ರಾಲರ್ ಬೋಟುಗಳಲ್ಲಿ ಇಂಜಿನ್ ಡ್ರೈವರ್ ಆಗಿದ್ದವನು. ಚುಕ್ಕಾಣಿ ಹಿಡಿಯುವವನು ತಾಂಡೇಲ. ಅಪ್ಪನ ಜಾಗ ಡೆಕ್ಕಿನ ಕೆಳಗೆ, ಡೀಸೆಲ್ ವಾಸನೆಯ ಇಂಜಿನ್ ಕೋಣೆಯಲ್ಲಿ. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟು, ಆ ಕೋಣೆಯ ಕಬ್ಬಿಣದ ಏಣಿ ಇಳಿಯಲಾಗದೆ ಕೆಲಸ ಬಿಟ್ಟ. ಆಮೇಲೆ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುವುದೇ ಕೆಲಸವಾಯಿತು. ಕೂತವನು ಇದ್ದಕ್ಕಿದ್ದಂತೆ ತಲೆಯೆತ್ತಿ ಅತ್ತಿತ್ತ ನೋಡುತ್ತಿದ್ದ, ಯಾರೋ ಕರೆದಂತೆ. ಯಾರೂ ಕರೆದಿರುತ್ತಿರಲಿಲ್ಲ.

“ಇಂಜಿನ್ ಸದ್ದಿಲ್ದೆ ಅವ್ರಿಗೆ ಮನೆ ಭಣಭಣ ಅಂತದೆ,” ಎಂದು ಆಯಿ, ನನ್ನ ಅಮ್ಮ, ಹೇಳುತ್ತಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ. ಮೂವತ್ತು ವರ್ಷ ಒಂದೇ ಸದ್ದಿನ ಪಕ್ಕ ಬದುಕಿದವನಿಗೆ ಅದರ ನೆನಪಾಗುವುದರಲ್ಲಿ ವಿಶೇಷವೇನಿಲ್ಲ. ತಂದುಕೊಟ್ಟರೆ ಖುಷಿಪಡುತ್ತಾನೆ ಎಂದುಕೊಂಡೆ.

ಆ ವಾರ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಆಟೋ ಹಿಡಿದು ಬೈತಖೋಲಕ್ಕೆ ಹೋದೆ. ಅಪ್ಪ ಕೊನೆಗೆ ಕೆಲಸ ಮಾಡಿದ ಬೋಟು ಬಂದರಿನಲ್ಲಿತ್ತು. ಈಗಿನ ಡ್ರೈವರ್ ಅಪ್ಪನ ಕೈಕೆಳಗೆ ಕೆಲಸ ಕಲಿತವನು, ಎರಡು ಮಕ್ಕಳ ತಂದೆ. ವಿಷಯ ಕೇಳಿ ನಕ್ಕು, ನನಗಾಗಿಯೇ ಇಂಜಿನ್ ಚಾಲೂ ಮಾಡಿದ. ನಾನು ಡೆಕ್ಕಿನ ಬಾಗಿಲಲ್ಲಿ ಕೂತು ಮೊಬೈಲನ್ನು ಕೆಳಗೆ ಹಿಡಿದು ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡೆ. ಪಕ್ಕದ ಬೋಟಿಗೆ ಮಂಜುಗಡ್ಡೆ ತುಂಬುತ್ತಿದ್ದರು. ಮರದ ಹಲಗೆಗಳು ನನ್ನ ಕಾಲಡಿಯಲ್ಲಿ ನಡುಗುತ್ತಿದ್ದವು. ಆ ನಡುಕ ಹಿಮ್ಮಡಿಯಿಂದ ಹಲ್ಲಿನವರೆಗೆ ಬರುತ್ತಿತ್ತು.

ಸಂಜೆ ಅಪ್ಪನ ಕಿವಿಗೆ ಎರಡನ್ನೂ ಸಿಕ್ಕಿಸಿ ಕೇಳಿಸಿದೆ. ಅವನು ಒಂದು ನಿಮಿಷ ಕೇಳಿ ತೆಗೆದುಬಿಟ್ಟ.

“ಇದು ಇಂಜಿನ್ನಾ? ನಿಮ್ಮ ಆಯಿಯ ಹೊಲಿಗೆ ಮಿಷನ್ನು.”

ಸರಿಯೇ. ನಾನು ಕೇಳಿದಾಗಲೂ ಹಾಗೇ ಇತ್ತು. ಟಕಟಕ ಎಂಬ ಸಪ್ಪೆ ಸದ್ದು. ಕಾಲಡಿಯ ಆ ನಡುಕದ ಗುರುತೂ ಇರಲಿಲ್ಲ.

ಸಣ್ಣಪುಟ್ಟ ಸಂಗತಿಗಳನ್ನು ಬೆನ್ನು ಹತ್ತುವುದು ನನ್ನ ಸ್ವಭಾವ. ಬಸ್ಸಿನಲ್ಲಿ ಕೂತು ಮೊಬೈಲಿನ ಸೆಟ್ಟಿಂಗ್ಸ್ ಒಂದೊಂದನ್ನೇ ತೆರೆದು ನೋಡಿದೆ. ಮೊದಲ ತಪ್ಪು ರೆಕಾರ್ಡರಿನಲ್ಲೇ ಇತ್ತು. ಹಿನ್ನೆಲೆಯ ಗದ್ದಲ ಕಡಿಮೆ ಮಾಡುವ ಆಯ್ಕೆಯೊಂದು ತಾನಾಗಿಯೇ ಚಾಲೂ ಇತ್ತು. ಮನುಷ್ಯರ ಮಾತು ಮಾತ್ರ ಬೇಕು, ಉಳಿದದ್ದೆಲ್ಲ ಕಸ ಎಂದು ಮೊಬೈಲು ತಿಳಿದಿತ್ತು. ಅಪ್ಪನ ಇಂಜಿನ್ನನ್ನು ಅದು ಗುಡಿಸಿ ಹೊರಗೆ ಹಾಕಿತ್ತು. ಅದನ್ನು ಬಂದ್ ಮಾಡಿ ಮತ್ತೊಂದು ದಿನ ಬೈತಖೋಲಕ್ಕೆ ಹೋಗಿ, ಈ ಸಲ ಏಣಿಯಿಳಿದು ಇಂಜಿನ್ ಕೋಣೆಯಲ್ಲೇ ನಿಂತು ರೆಕಾರ್ಡ್ ಮಾಡಿದೆ. ಆ ದಿನವೂ ಪಕ್ಕದ ಬೋಟಿಗೆ ಮಂಜುಗಡ್ಡೆ ಏರಿಸುತ್ತಿದ್ದರು. ಕಚೇರಿಗೆ ಮರಳುವಾಗ ಸೀರೆಯ ಅಂಚಿಗೆ ಎಣ್ಣೆ ಹತ್ತಿತ್ತು.

ಎರಡನೆಯ ತಪ್ಪು ಕಿವಿಯಲ್ಲಿತ್ತು. ಬಡ್ಸ್ ಜೊತೆ ಮೂರು ಅಳತೆಯ ರಬ್ಬರ್ ಟೊಪ್ಪಿಗಳು ಬಂದಿದ್ದವು. ನನ್ನ ಕಿವಿಗೆ ಸಣ್ಣದು ಸರಿಯಾಗುತ್ತಿತ್ತು. ಅಪ್ಪನ ಕಿವಿಯಲ್ಲಿ ಅದು ಸಡಿಲ. ಸಂದಿಯಿದ್ದರೆ ದಪ್ಪ ಸದ್ದು ಮೊದಲು ಸೋರಿಹೋಗುತ್ತದೆ. ದೊಡ್ಡ ಟೊಪ್ಪಿ ಹಾಕಿ ಒತ್ತಿ ಕೂರಿಸಿದೆ. ಮೂರನೆಯದು ಈಕ್ವಲೈಜರ್. ಸೌಂಡ್ ಸೆಟ್ಟಿಂಗಿನ ಒಳಗೆ ಸಾಲಾಗಿ ನಿಂತ ಉದ್ದ ಗೆರೆಗಳು. ಎಡಗಡೆಯವು ದಪ್ಪ ಸದ್ದಿನವು, ಬಲಗಡೆಯವು ತೆಳು ಸದ್ದಿನವು. ಬೆರಳಿನಿಂದ ಮೇಲೆ ಸರಿಸಿದರೆ ಆ ಸದ್ದು ಹೆಚ್ಚುತ್ತದೆ, ಕೆಳಗೆ ಸರಿಸಿದರೆ ಕುಗ್ಗುತ್ತದೆ.

ಭಾನುವಾರ ಜಗಲಿಯಲ್ಲಿ ಅಪ್ಪನ ಎದುರು ಚಾಪೆ ಹಾಸಿ ಕೂತೆ. ಅವನು ಕಣ್ಣು ಮುಚ್ಚಿದ. ನಾನು ಎಡಗಡೆಯ ಗೆರೆಯನ್ನು ಮೆಲ್ಲಗೆ ಮೇಲೇರಿಸಿದೆ.

“ಹಾಂ,” ಎಂದ. “ಈಗ ಶಾಫ್ಟ್ ತಿರುಗೂದು ಕೇಳ್ತು. ಇನ್ನೂ.”

ಮತ್ತೆ ಏರಿಸಿದೆ.

“ನೀರಿನ ಪಂಪು ಸ್ವಲ್ಪ ಕರಕರ ಅಂತದೆ. ಅಂವಂಗೆ ಹೇಳ್ಬೇಕು, ಬೇರಿಂಗ್ ನೋಡ್ಕೋ ಅಂತ.”

ಅವನ ಮುಖ ಅರಳಿದ್ದನ್ನು ಕಂಡು ನನಗೂ ಹಿಗ್ಗಾಯಿತು. ಆದರೆ ಏಳನೆಯ ನಿಮಿಷಕ್ಕೆ ಬಂದಾಗ ಅವನು ಬೆನ್ನು ನೆಟ್ಟಗೆ ಮಾಡಿದ. ಕಣ್ಣು ತೆರೆದು ನನ್ನನ್ನು ನೋಡಿದ.

“ಇದ್ರಲ್ಲಿ ಯಾರೋ ಕರೀತಾರೆ.”

ಒಂದು ಬಡ್ ಇಸಿದುಕೊಂಡು ಕೇಳಿದೆ. ಹೌದು, ಬಂದರಿನ ಮೇಲಿಂದ ಒಬ್ಬ ಯಾರನ್ನೋ ಕರೆಯುತ್ತಿದ್ದ. ದೂರದ ದನಿ, “ಓ... ಓಯ್” ಎಂದು ಎರಡು ಸಲ.

“ಮಂಜುಗಡ್ಡೆಯವ್ರು ಅಪ್ಪಾ. ಗಾಡಿ ಹಿಂದೆ ತಗೊಳ್ಳಿ ಅಂತ ಕರೀತಿದ್ರು. ನಾ ಅಲ್ಲೇ ಇದ್ದೆ.”

“ಅದು ಬೇಡ. ಅದು ಮುಚ್ಚಿ ಹೋಗೂ ಹಾಂಗೆ ದಪ್ಪ ಮಾಡು.”

ಎಡಗಡೆಯ ಗೆರೆಗಳನ್ನು ತುದಿಯವರೆಗೆ ಏರಿಸಿದೆ. ಸಾಲದೆಂದು ಬಲಗಡೆಯವನ್ನು ತಳಕ್ಕೆ ಇಳಿಸಿದೆ. ಕರೆಯುವ ದನಿ ಅಳಿಸಿಹೋಯಿತು. ಉಳಿದದ್ದು ಬರೀ ಗುಡುಗುಡು. ಎದೆಯೊಳಗೆ ಯಾರೋ ಒನಕೆ ಕುಟ್ಟುವ ಹಾಗೆ. ಅಪ್ಪ ಮೂರು ಸಲ ಏಳನೆಯ ನಿಮಿಷವನ್ನೇ ಕೇಳಿದ. ಮೂರನೆಯ ಸಲ ತಲೆಯಾಡಿಸಿದ.

ಅಂದಿನಿಂದ ಅದು ರೂಢಿಯಾಯಿತು. ನಾನು ಕಚೇರಿಯಿಂದ ಬಂದು ಮೊಬೈಲು ಕೆಳಗಿಟ್ಟ ಕೂಡಲೇ ಅಪ್ಪ ಕೈಚಾಚುತ್ತಿದ್ದ. ಕೇಳುವವನ ಮುಖದಲ್ಲಿ ಸುಖ ಇರಲಿಲ್ಲ, ಅದನ್ನು ನಾನು ಗಮನಿಸಿದೆ. ಅವನು ಕತ್ತು ಸ್ವಲ್ಪ ಓರೆ ಮಾಡಿ, ಉಸಿರು ಹಿಡಿದು, ಕತ್ತಲೆಯಲ್ಲಿ ಬಿದ್ದ ಸೂಜಿಗೆ ತಡಕಾಡುವವನಂತೆ ಕೂತಿರುತ್ತಿದ್ದ. ಆಯಿ ಚಹಾಕ್ಕೆ ಕರೆದರೆ ಕೇಳುತ್ತಿರಲಿಲ್ಲ. ಅವಳು ಬಂದು ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದ.

“ಎಂತ ಹಾಕಿಕೊಟ್ಟೆ ಮಾರಾಯ್ತಿ ಅವ್ರ ಕಿವಿಗೆ?” ಎಂದು ಆಯಿ ನನ್ನ ಮೇಲೆ ಸಿಟ್ಟಾದಳು. “ಬೋಟಿಗೆ ಹೋದಾಗ್ಲಾದ್ರೂ ತಿರುಗಿ ಬರ್ತಿದ್ರು. ಈಗ ಮನೇಲೇ ಇದ್ದು ಇಲ್ಲ.”

ನನಗೂ ಅದು ಅಂಟಿಕೊಂಡಿತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹಾಡು ಕೇಳೋಣವೆಂದರೆ ಎಲ್ಲ ಹಾಡೂ ಗುಡುಗುಡು ಎನ್ನುತ್ತಿತ್ತು. ಅಪ್ಪನ ಸೆಟ್ಟಿಂಗ್ ಹಾಗೆಯೇ ಉಳಿದಿತ್ತು. ಗೆರೆಗಳನ್ನೆಲ್ಲ ನಡುವಿಗೆ ತಂದು, ಯಾಕೋ ಇಂಜಿನ್ನಿನ ರೆಕಾರ್ಡಿಂಗನ್ನೇ ಹಾಕಿದೆ. ಬಸ್ಸು ಕಾರವಾರಕ್ಕಿಂತ ಮೊದಲು ಸಿಗುವ ಸುರಂಗದೊಳಗೆ ನುಗ್ಗಿತು. ಆ ಕತ್ತಲಲ್ಲಿ ಏಳನೆಯ ನಿಮಿಷ ಬಂತು. “ಓ... ಓಯ್.” ಮಂಜುಗಡ್ಡೆಯವನೆಂದು ಗೊತ್ತಿದ್ದೂ ತಿರುಗಿ ಹಿಂದಿನ ಸೀಟು ನೋಡಿದೆ. ಇದಕ್ಕೆ ಅಪ್ಪ ಯಾಕೆ ಅಷ್ಟು ಹೆದರಿದ ಎಂದು ಆಗ ಮೊದಲ ಸಲ ಯೋಚಿಸಿದೆ. ಯೋಚಿಸಿದ ಕೂಡಲೇ ಕೇಣಿಯ ಕಾಕಾ ನೆನಪಿಗೆ ಬಂದ.

ಕಾಕಾ ಎಂದರೆ ಅಪ್ಪನ ಜೊತೆಗಾರ. ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡವನು, ಅದೇ ಬೋಟಿನಲ್ಲಿ ಖಲಾಸಿ. ಬಲೆ ಎಳೆಯುವುದು, ಅಡುಗೆ ಮಾಡುವುದು ಅವನ ಕೆಲಸ. ಬೋಟಿನಿಂದ ಇಳಿದು ಪಕ್ಕದೂರು ಕೇಣಿಯ ತನ್ನ ಮನೆಗೆ ಹೋಗುವ ಮೊದಲು ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದ. ನಾನು ಸಣ್ಣವಳಿದ್ದಾಗ ಬಂಗಡೆಯ ಮುಳ್ಳನ್ನು ತನ್ನ ದಪ್ಪ ಬೆರಳುಗಳಿಂದ ಒಂದೊಂದಾಗಿ ಬಿಡಿಸಿ ನನ್ನ ಬಟ್ಟಲಿಗೆ ಹಾಕುತ್ತಿದ್ದ. ಹನ್ನೆರಡು ವರ್ಷದ ಹಿಂದೆ, ನಾನು ಕಾಲೇಜಿನಲ್ಲಿದ್ದಾಗ, ಒಂದು ಮಧ್ಯಾಹ್ನ ಅವನು ಬೋಟಿನಿಂದ ನೀರಿಗೆ ಬಿದ್ದ. ಊಟವಾಗಿ ಉಳಿದವರು ಅಡ್ಡಾಗಿದ್ದರು. ತಾಂಡೇಲ ಮುಂದೆ ಚುಕ್ಕಾಣಿಯಲ್ಲಿ, ಅಪ್ಪ ಕೆಳಗೆ ಇಂಜಿನ್ ಕೋಣೆಯಲ್ಲಿ. ಕಾಕಾ ಹಿಂಬದಿಯಲ್ಲಿ ಒಬ್ಬನೇ ಅನ್ನದ ಪಾತ್ರೆ ತೊಳೆಯುತ್ತಿದ್ದ. ಅವನಿಲ್ಲವೆಂದು ಗೊತ್ತಾಗುವಾಗ ಅರ್ಧ ತಾಸಾಗಿತ್ತು. ಬೋಟು ತಿರುಗಿಸಿ ಹುಡುಕಿದರು. ಮೂರನೆಯ ದಿನ ಹೆಣ ಸಿಕ್ಕಿತು. ಸದ್ದೇ ಇಲ್ಲದೆ ಹೋದ ಎಂದು ಎಲ್ಲರೂ ಹೇಳಿದರು. ಅಪ್ಪ ವರ್ಷಾಂತಿಕದವರೆಗೆ ಕೇಣಿಗೆ ಹೋಗಿ ಬಂದ. ಆಮೇಲೆ ಆ ದಾರಿಯನ್ನೇ ತುಳಿಯಲಿಲ್ಲ.

ಮುಂದಿನ ಭಾನುವಾರ ಅಪ್ಪ, “ತಂಗೀ,” ಎಂದು ನನ್ನನ್ನು ಕರೆದ.

“ಪೂರಾ ದಪ್ಪ ಮಾಡಿ ಹಾಕು. ನಾ ಆಚೆ ಮುಖ ಮಾಡಿ ಕೂರ್ತೆ. ನೀ ಬಾವಿಕಟ್ಟೆ ಹತ್ರ ನಿಂತು ಕೂಗು.”

“ಎಂತ ಅಂತ ಕೂಗೂದು?”

“ನನ್ನ ಹೆಸರು ಹಿಡ್ದು.”

ಆಯಿ ಒಳಗಿನಿಂದಲೇ ಕೇಳಿಸಿಕೊಂಡು ಬಾಗಿಲಿಗೆ ಬಂದಳು. “ಅಪ್ಪನ ಹೆಸರು ಹಿಡ್ದು ಕೂಗೂದಾ? ಎಂಥ ಮಾತು ಅದು?”

“ಕೂಗ್ಲಿ ಬಿಡು,” ಎಂದ ಅಪ್ಪ. ದನಿಯಲ್ಲಿ ಬೇಡಿಕೆಯಿತ್ತು.

ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಅರ್ಜಿಗಳಲ್ಲಿ ಬರೆದಿದ್ದೆ, ಅಷ್ಟೆ. ಬಾವಿಕಟ್ಟೆಯ ಹತ್ತಿರ ನಿಂತೆ. ಜಗಲಿಗೆ ಇಪ್ಪತ್ತು ಹೆಜ್ಜೆ ಇರಬಹುದು. ಅಪ್ಪನ ಬೆನ್ನು ಕಾಣುತ್ತಿತ್ತು, ಬನಿಯನ್ನಿನ ಮೇಲೆ ಬೆವರಿನ ಕಲೆ. ಕೂಗಿದೆ. ಗಂಡಸನ್ನು ಗಂಡಸು ಕರೆಯುವ ಹಾಗೆ, ಬರೀ ಹೆಸರು. ಪಕ್ಕದ ಮನೆಯ ನಾಯಿ ಬೊಗಳಿತು. ಅಪ್ಪ ಕದಲಲಿಲ್ಲ. ಇನ್ನೊಮ್ಮೆ, ಗಂಟಲು ಹರಿಯುವ ಹಾಗೆ ಕೂಗಿದೆ. ನನ್ನ ಕಿವಿಗೆ ಅದು ನನ್ನ ದನಿಯಾಗಿ ಕೇಳಲಿಲ್ಲ.

ಅಪ್ಪ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಡ್ಸ್ ತೆಗೆದು ಡಬ್ಬಿಯಲ್ಲಿಟ್ಟ. ನಾನು ಹತ್ತಿರ ಹೋದಾಗ ಅವನ ಗಡ್ಡ ಒದ್ದೆಯಾಗಿತ್ತು.

“ಕೇಳೂದಿಲ್ಲ,” ಎಂದ. “ಇಂಜಿನ್ ಪಕ್ಕ ಇದ್ದವ್ನಿಗೆ ಹೊರಗಿನ ಕೂಗು ಕೇಳೂದಿಲ್ಲ.”

ಆಯಿ ಬಾಗಿಲು ಬಿಟ್ಟು ಅಪ್ಪನ ಎದುರಿಗೆ ಬಂದಳು. “ಹನ್ನೆರ್ಡು ವರ್ಷ ಇದನ್ನೇ ತಲೇಲಿ ಇಟ್ಕೊಂಡಿದ್ರಾ? ನಂಗೊಂದು ಮಾತು ಹೇಳೂದಲ್ವಾ?”

“ಕೇಣಿಗೆ ಹೋಗಿ ವೈನಿಗೆ ಹೇಳ್ಬೇಕು,” ಎಂದ ಅಪ್ಪ. “ಅವ್ಳಿಗೂ ಕೇಳ್ಸಬೇಕು.” ಕಾಕಾನ ಹೆಂಡತಿಯನ್ನು ಅವನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ.

ಆ ವಾರವೆಲ್ಲ ನನಗೆ ಕಸಿವಿಸಿ. ಅಪ್ಪನಿಗೆ ನಾನು ಕೊಟ್ಟದ್ದು ಬೋಟಿನ ಸದ್ದಾಗಿರಲಿಲ್ಲ. ಗೆರೆಗಳನ್ನು ತುದಿಗೆ ಏರಿಸಿ, ವಾಲ್ಯೂಮ್ ಹೆಚ್ಚಾಯಿತೆಂದು ಮೊಬೈಲು ಕೊಟ್ಟ ಎಚ್ಚರಿಕೆಯನ್ನೂ ದಾಟಿಸಿ, ಕಿವಿಗೆ ದೊಡ್ಡ ಟೊಪ್ಪಿ ಬಡಿದು ಮಾಡಿದ ಸದ್ದು ಅದು. ಅಂಥ ಸದ್ದಿನೊಳಗೆ ಯಾರ ಕೂಗೂ ಕೇಳುವುದಿಲ್ಲ. ನನ್ನ ಬೆರಳು ಮಾಡಿದ ಕೆಲಸವನ್ನು ಅವನು ಸಾಕ್ಷಿ ಎಂದು ಹಿಡಿದುಕೊಂಡಿದ್ದ. ಹೇಳಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಅನ್ನಿಸಿತು. ಅವನು ಎಷ್ಟೋ ದಿನಗಳ ಮೇಲೆ ಎರಡು ಸೌಟು ಗಂಜಿ ಹೆಚ್ಚು ಹಾಕಿಸಿಕೊಂಡು ಉಣ್ಣುವುದನ್ನು ನೋಡಿ ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಕೇಣಿಗೆ ಹೋದೆವು. ಕಾಕಿ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಕಾಕಾನ ಹೆಂಡತಿಯನ್ನು ನಾನು ಹನ್ನೊಂದು ವರ್ಷ ನೋಡಿರಲಿಲ್ಲ. ಕೂದಲು ಪೂರ್ತಿ ಬಿಳಿಯಾಗಿತ್ತು, ಕೈಕಾಲು ಮಾತ್ರ ಹಾಗೆಯೇ ಗಟ್ಟಿ. ಅವಳು ಅಪ್ಪನನ್ನು ನೋಡಿ ಎದ್ದು ನಿಂತಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ.

“ಬಾ ಭಾವ. ಕಾಲು ನೋವಂತೆ, ಕೇಳ್ದೆ. ಕೂತ್ಕೋ.”

ನೀರು ತಂದುಕೊಟ್ಟಳು. ಮಗಳು ಮದುವೆಯಾಗಿ ಕಾರವಾರದಲ್ಲಿದ್ದಾಳೆಂದೂ ತಾನು ಒಬ್ಬಳೇ ಇರುವುದೆಂದೂ ಹೇಳಿದಳು. ಅಪ್ಪ ನೀರು ಕುಡಿದು ಲೋಟ ಕೆಳಗಿಟ್ಟು ಶುರುಮಾಡಿದ.

“ವೈನಿ, ಆ ದಿನದ ಮಾತು ಹೇಳೂಕೆ ಬಂದೆ. ನಾ ಕೆಳಗೆ ಇಂಜಿನ್ ಹತ್ರ ಇದ್ದೆ. ಅಲ್ಲಿ ಇದ್ದವ್ನಿಗೆ ಎಂತ ಕೇಳ್ತದೆ ಅಂತ ನಿಂಗೆ ಗೊತ್ತಾಗ್ಬೇಕು. ತಂಗೀ, ಅವ್ಳ ಕಿವಿಗೆ ಹಾಕು.”

ನಾನು ಡಬ್ಬಿ ತೆರೆದೆ. ಕೈ ಮುಂದೆ ಹೋಗಲಿಲ್ಲ. ಆ ಹೆಂಗಸಿನ ಕಿವಿಗೆ ಆ ಸುಳ್ಳನ್ನು ಸಿಕ್ಕಿಸುವುದು ನನ್ನಿಂದ ಆಗಲಿಲ್ಲ.

“ಅಪ್ಪಾ, ಇದು ಖರೇ ಸದ್ದಲ್ಲ,” ಎಂದೆ. “ನೀನು ದಪ್ಪ ಮಾಡು ಅಂದೆ, ನಾ ಮಾಡ್ದೆ. ಬೋಟಲ್ಲಿ ಇಷ್ಟಿರೂದಿಲ್ಲ. ಇದನ್ನ ಹಾಕ್ಕೊಂಡ್ರೆ ಯಾರು ಕೂಗಿದ್ರೂ ಕೇಳೂದಿಲ್ಲ.”

ಅಪ್ಪ ಬೈಯುತ್ತಾನೆ ಅಂದುಕೊಂಡೆ. ಅವನು ತನ್ನ ಪಾದ ನೋಡುತ್ತ ಕೂತ. ಆಮೇಲೆ ಮೆಲ್ಲಗೆ ಹೇಳಿದ:

“ಗೊತ್ತು ತಂಗಿ. ಮೂವತ್ತು ವರ್ಷ ಕೇಳಿದ ಸದ್ದು ನಂಗೆ ಗೊತ್ತಿಲ್ವಾ?” ನನ್ನ ಕೈಯ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, “ಅಷ್ಟು ಹಾಕ್ಕೊಂಡ್ರೂ ನೀ ಕೂಗಿದ್ದು ಕೇಳ್ತು. ಎರಡು ಸಲವೂ ಕೇಳ್ತು. ನಾ ತಿರುಗ್ಲಿಲ್ಲ,” ಎಂದ.

ಕಾಕಿ ನನ್ನನ್ನೂ ಅಪ್ಪನನ್ನೂ ನೋಡಿದಳು. “ಎಂತ ಹೇಳ್ತಿದ್ದೆ ಭಾವ? ನಂಗೆ ತಿಳಿಯೂ ಹಾಂಗೆ ಹೇಳು.”

“ಆ ದಿನವೂ ಕೇಳ್ತು ವೈನಿ. ಮೇಲಿನ ಬಾಗಿಲು ತೆಗ್ದೇ ಇತ್ತು. ಅಂವ ನನ್ನ ಹೆಸರು ಹಿಡ್ದು ಕೂಗ್ದ. ಚಹಾಕ್ಕೆ ಕರೀತಾನೆ ಅಂದ್ಕೊಂಡೆ. ದಿನಾ ಹಾಂಗೇ ಕರೀತಿದ್ದ. ಎಣ್ಣೆ ಪೈಪಿನ ನಟ್ಟು ಬಿಗೀತಿದ್ದೆ. ಇದೊಂದು ಬಿಗ್ದು ಹೋಗ್ತೆ ಅಂದ್ಕೊಂಡೆ. ಮತ್ತೊಂದು ಸಲ ಕೂಗ್ದ. ಆಗ್ಲೂ ಏಳ್ಲಿಲ್ಲ. ಮೇಲೆ ಬಂದು ನೋಡ್ದಾಗ ಹಿಂದೆ ಯಾರೂ ಇರ್ಲಿಲ್ಲ. ಒಳಗೆ ಮಲಗಿದ್ದಾನೆ ಅಂದ್ಕೊಂಡು ಮತ್ತೆ ಕೆಳಗಿಳ್ದೆ.”

ಇಷ್ಟನ್ನು ಅವನು ಒಂದೇ ಉಸಿರಿನಲ್ಲಿ, ಯಾರೋ ಬರೆದುಕೊಟ್ಟದ್ದನ್ನು ಓದುವವನಂತೆ ಹೇಳಿದ. ಅಂಗಳದ ಮೀನಿನ ಮೇಲೆ ಕಾಗೆಯೊಂದು ಇಳಿಯಿತು. ಅದನ್ನು ಓಡಿಸಲು ಕಾಕಿ ಕೈಯೆತ್ತಲಿಲ್ಲ.

“ಕೂಗ್ದ?” ಎಂದಳು.

“ಹೌದು.”

“ಎರಡು ಸಲ?”

“ಎರಡು ಸಲ ನಂಗೆ ಕೇಳ್ತು.”

ಅವಳು ಕಂಬಕ್ಕೆ ಒರಗಿ ಕೂತಳು. ಅಳುತ್ತಾಳೆಂದು ನಾನು ಕಾದೆ. ಅವಳು ಅಳಲಿಲ್ಲ.

“ಭಾವ, ಈ ಊರಲ್ಲಿ ಎಂತ ಮಾತಾಡಿದ್ರು ಗೊತ್ತಾ ನಿಂಗೆ? ತಾನೇ ಹಾರ್ದ ಅಂದ್ರು. ಆ ಬೆಳಿಗ್ಗೆ ನಮಗೆ ಜಗಳ ಆಗಿತ್ತು. ನನ್ನ ತಮ್ಮನ ಹೊಸ ಮನೆ ಪೂಜೆಗೆ ಇರು ಅಂದೆ, ಅಂವ ಇರೂದಿಲ್ಲ ಅಂದ. ಹೋಗು, ಹೋದವ್ನು ಬರೂದೇ ಬೇಡ ಅಂತ ಅಂದ್ಬಿಟ್ಟೆ. ಆಚೆ ಮನೆಯವ್ರೆಲ್ಲ ಕೇಳಿದ್ರು. ಹೆಣ ಬಂದ ದಿನವೇ ಶುರುವಾಯ್ತು. ಸದ್ದಿಲ್ದೆ ಹೋದ ಅಂದ್ರೆ ಎಂತ ಅರ್ಥ? ಬಿದ್ದವ್ನು ಕೂಗೂದಿಲ್ವಾ? ಹೆಂಡ್ತಿ ಬಾಯಿಗೆ ಹೆದ್ರಿ ಹಾರ್ದ ಅಂದ್ರು. ಹನ್ನೆರ್ಡು ವರ್ಷ ಭಾವ. ನಾನೂ ಹಾಂಗೇ ನಂಬ್ದೆ.”

ಅಪ್ಪನಿಗೆ ಇದು ಗೊತ್ತಿರಲಿಲ್ಲ. ಕೇಣಿಯ ದಾರಿ ಬಿಟ್ಟವನ ಕಿವಿಗೆ ಕೇಣಿಯ ಮಾತು ಮುಟ್ಟಿರಲಿಲ್ಲ.

“ಕೂಗ್ದ ಅಂದ್ರೆ ಅಂವಂಗೆ ಬದುಕೂ ಮನಸ್ಸಿತ್ತು,” ಎಂದಳು ಕಾಕಿ. ಅದನ್ನು ನಮಗೆ ಹೇಳಿದ್ದಲ್ಲ.

ಅಪ್ಪ ಎರಡೂ ಕೈ ಜೋಡಿಸಿ ಏನೋ ಹೇಳಲು ಹೋದ. ಅವಳು ತಡೆದಳು.

“ಕೈ ಮುಗೀಬೇಡ. ನೀ ಎದ್ದು ಬಂದಿದ್ರೆ ಅಂವ ಬದುಕ್ತಿದ್ನಾ ಇಲ್ವಾ ಯಾರಿಗೆ ಗೊತ್ತು. ಅದು ನಿನ್ನ ಮತ್ತೆ ಅಂವನ ನಡುವಿಂದು. ಆದ್ರೆ ಇದನ್ನ ನೀ ಆಗ್ಲೇ ಹೇಳ್ಬೇಕಿತ್ತು. ನನ್ನ ಮಗ್ಳು ಮದುವೆಯಾಗಿ ಹೋಗೂವರೆಗೆ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ.”

ಅವಳು ಎದ್ದು ಒಳಗೆ ಹೋದಳು. ನಾವು ಹೊರಡಬೇಕೋ ಇರಬೇಕೋ ತಿಳಿಯಲಿಲ್ಲ. ಹೊರಬಂದಾಗ ಸೀರೆ ಬದಲಿಸಿದ್ದಳು, ಕಾಲಿಗೆ ಚಪ್ಪಲಿ ಹಾಕಿದ್ದಳು.

“ಏಳು. ನನ್ನ ಸಂಗ್ತಿಗೆ ಬಾ. ಯಾರ್ಯಾರು ಆ ಮಾತಾಡಿದ್ರೋ ಅವ್ರ ಮನೆಗೆ ಹೋಗಿ ಹೇಳು. ನಂಗೆ ಹೇಳ್ದ ಹಾಂಗೇ ಹೇಳು. ನಟ್ಟು ಬಿಗಿದದ್ದೂ ಹೇಳು.”

ಮೊಣಕಾಲಿನ ನೋವಿಗೆ ಅಪ್ಪ ಮರಳಿನಲ್ಲಿ ನಡೆಯಲಾರ. ನಾನು ಒಂದು ರಟ್ಟೆ ಹಿಡಿದೆ. ಕಾಕಿ ಮುಂದೆ ಮುಂದೆ ನಡೆದಳು, ಹಿಂದೆ ನೋಡಲಿಲ್ಲ. ಮೊದಲ ಮನೆ ಕಾಕಾನ ಸ್ವಂತ ಅಣ್ಣನದು. ಆತ ಬಲೆಗೆ ಗಂಟು ಹಾಕುತ್ತಿದ್ದವನು ಎಲ್ಲವನ್ನೂ ಕೇಳಿ, ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿ, “ನೀನು ನಮ್ಮ ಮನೇಲಿ ಉಂಡವ್ನು,” ಎಂದ. ಅಷ್ಟೇ. ಆಮೇಲೆ ಕಾಕಿಯ ಕಡೆ ತಿರುಗಿ ಏನೋ ಹೇಳಲು ನೋಡಿದ. ಅವಳು ಆಗಲೇ ಅಂಗಳ ದಾಟಿದ್ದಳು. ಎರಡನೆಯ ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಬಾಗಿಲಲ್ಲೇ ನಿಂತು ಕೇಳಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂರನೆಯ ಮನೆಯವರು ಒಳಗೆ ಕರೆದು ಕೂರಿಸಲು ನೋಡಿದರು. ಕಾಕಿ ಒಪ್ಪಲಿಲ್ಲ, “ನಿಂತೇ ಹೇಳ್ಲಿ,” ಎಂದಳು. ಅಪ್ಪ ನಿಂತೇ ಹೇಳಿದ. ಪ್ರತಿ ಮನೆಯಲ್ಲೂ ಅದೇ ಮಾತು, ಅದೇ ಕ್ರಮ. ಕೂಗ್ದ. ಕೇಳ್ತು. ಏಳ್ಲಿಲ್ಲ. ಅವನ ತೋಳು ನನ್ನ ಕೈಯಲ್ಲಿ ನಡುಗುತ್ತಿತ್ತು. ಬೋಟಿನ ಹಲಗೆಯ ನಡುಕದಂತೆ ಅದು ನನ್ನ ಮೈಗೂ ಹತ್ತಿತು.

ಕೊನೆಯ ಮನೆ ಒಬ್ಬ ಮುದುಕಿಯದು. ಎಲ್ಲರಿಗಿಂತ ಹೆಚ್ಚು ಆಡಿಕೊಂಡವಳು ಅವಳೇ ಎಂದು ಕಾಕಿ ದಾರಿಯಲ್ಲಿ ಹೇಳಿದ್ದಳು. ಮುದುಕಿ ಮಾಡಿನ ನೆರಳಲ್ಲಿ ಕಾಲು ನೀಡಿ ಕೂತಿತ್ತು. ಅಪ್ಪ ಹೇಳುವುದನ್ನೆಲ್ಲ ತಲೆಯಾಡಿಸುತ್ತ ಕೇಳಿತು. ಮುಗಿದ ಮೇಲೆ ಕಾಕಿಯ ಕೈ ಹಿಡಿದು, ಬೊಚ್ಚು ಬಾಯಲ್ಲಿ ಅಕ್ಕರೆಯಿಂದ ಹೇಳಿತು:

“ಅಂವ ತಾನಾಗಿ ಹಾರ್ದ ಅಂತ ಯಾರು ಹೇಳಿದ್ರು ಮಗಾ? ಅಂಥ ಮನಷ್ಯನೇ ಅಲ್ಲ ಅಂವ. ಬಾಯಿಗೆ ಬಂದ ಹಾಂಗೆ ಮಾತಾಡ್ತ್ರು ಜನ.”

ಕಾಕಿ ಬಹಳ ಹೊತ್ತು ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಅವಳು ಆಡಲು ಕಾದಿಟ್ಟುಕೊಂಡಿದ್ದ ಮಾತು ಮುಖದಲ್ಲಿ ಬಂದು ಹಾಗೆಯೇ ಒಳಗಿಳಿದದ್ದನ್ನು ಕಂಡೆ. ಮರಳಿ ಬರುವಾಗ ದಾರಿಯಲ್ಲೇ ನಿಂತು ಮಗಳಿಗೆ ಫೋನ್ ಮಾಡಿದಳು. “ನಿನ್ನಪ್ಪ ಕೂಗಿದ್ನಂತೆ,” ಎಂದಷ್ಟೇ ಹೇಳಿ, ಆ ಕಡೆಯ ಉತ್ತರವನ್ನು ಸುಮ್ಮನೆ ಕೇಳುತ್ತ ನಿಂತಳು. ನಮ್ಮನ್ನು ಕೈಸನ್ನೆಯಿಂದ ಕಳಿಸಿದಳು.

ಆಟೋ ಇಳಿದು ಅಪ್ಪ ನೇರ ಜಗಲಿಯ ಕುರ್ಚಿಗೆ ಹೋದ. ಮನೆಯಲ್ಲಿ ಆಯಿಗೆ ಎಲ್ಲವನ್ನೂ ನಾನೇ ಹೇಳಬೇಕಾಯಿತು. ಅವಳು ಕೇಳಿ, ಅಪ್ಪನ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ತಂದು ತಿಕ್ಕುತ್ತ ಕೂತಳು. ಅಪ್ಪ ಮತ್ತೆ ಇಂಜಿನ್ ಕೇಳಿಸು ಎನ್ನಲಿಲ್ಲ. ರೆಕಾರ್ಡಿಂಗ್ ಅಳಿಸಲೇ ಎಂದು ಕೇಳಿದ್ದಕ್ಕೆ, “ಇರ್ಲಿ, ಅದ್ರಿಂದೆಂತ ತ್ರಾಸು,” ಎಂದ. ಅವನು ಈಗಲೂ ಒಮ್ಮೊಮ್ಮೆ ತಲೆಯೆತ್ತಿ ನೋಡುತ್ತಾನೆ. ಯಾರು ಕರೆಯುತ್ತಾರೆಂದು ನನಗೆ ಗೊತ್ತಿರುವುದರಿಂದ ನಾನು ಕೇಳುವುದಿಲ್ಲ. ಕೆಲವು ಸಲ ಬಸ್ಸಿನಲ್ಲಿ ನಿದ್ದೆ ಹತ್ತುವಾಗ ಬಾವಿಕಟ್ಟೆಯ ಹತ್ತಿರ ಯಾರೋ ಹರಿದ ಗಂಟಲಲ್ಲಿ ಅಪ್ಪನ ಹೆಸರು ಕೂಗಿದಂತಾಗಿ ಎಚ್ಚರವಾಗುತ್ತದೆ. ಅದು ನನ್ನದೇ ದನಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕು.

ಮಳೆಗಾಲದಲ್ಲಿ ಬೋಟುಗಳು ನಿಂತ ಮೇಲೆ ಒಂದು ಮಧ್ಯಾಹ್ನ ಕಾಕಿ ಅಂಕೋಲೆಯ ಪೇಟೆಗೆ ಬಂದವಳು ನಮ್ಮ ಮನೆಗೂ ಬಂದಳು. ಆಯಿ ಬಡಿಸಿದ್ದನ್ನು ಉಂಡಳು. ಮಗಳು ಮೊಮ್ಮಗುವನ್ನು ಕರೆದುಕೊಂಡು ಬಂದು ನಾಲ್ಕು ದಿನ ಇದ್ದು ಹೋದಳೆಂದು ಆಯಿಗೆ ಹೇಳಿದಳು. ಮಳೆ ನಿಲ್ಲುವವರೆಗೆ ಆಯಿಯ ಚಾಪೆಯ ಮೇಲೆ ಮಲಗಿದಳು. ಅಪ್ಪನೊಂದಿಗೆ ಮಾತಾಡಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಅವನೂ ಜಗಲಿಯ ಮೂಲೆ ಬಿಟ್ಟು ಬರಲಿಲ್ಲ.

ಮಳೆ ನಿಂತಿತು. ಕೊಡೆ ತೆಗೆದುಕೊಂಡು ಮೆಟ್ಟಿಲಿಳಿಯುವಾಗ, ಮುಖ ತಿರುಗಿಸದೆ, “ಬತ್ತೆ ಭಾವ,” ಎಂದಳು.

ಅಪ್ಪ ಕುರ್ಚಿಯ ಕೈಗಳನ್ನು ಒತ್ತಿ ಏಳಲು ಹೋದ. ಮೊಣಕಾಲು ಒಮ್ಮೆಗೆ ನೆಟ್ಟಗಾಗಲಿಲ್ಲ. ಅವನು ಎದ್ದು ನಿಲ್ಲುವಷ್ಟರಲ್ಲಿ ಅವಳು ರಸ್ತೆಗೆ ಇಳಿದಿದ್ದಳು.